ಈರುಳ್ಳಿಯ ವಾಸನೆ ಹೋದ ವರ್ಷ

ಅಡಿಗೆ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಕೇಳುವುದು ಒಂದೇ: "ನಾಗವೇಣಕ್ಕ, ದೊಡ್ಡ ಮನೆಯವ್ರ ಹತ್ರ ಸೈ ಅನ್ನಿಸ್ಕೊಳ್ಳೂದು ಹೇಂಗೆ?" ಸೈ ಅನ್ನಿಸಿಕೊಂಡ ಕಥೆ ನನ್ನ ಹತ್ತಿರ ಇಲ್ಲ ಮಾರಾಯ್ರೆ. ಇರುವುದೆಲ್ಲ ಹೆದರಿಕೆಯ ಕಥೆಗಳೇ. ಭಟ್ಕಳದಲ್ಲಿ ಹೆದರಿದೆ, ಹೊನ್ನಾವರದಲ್ಲಿ ಹೆದರಿದೆ, ಕುಮಟೆಯಲ್ಲಂತೂ ಒಂದು ಇಡೀ ವರ್ಷ ಎದೆ ಡವಗುಟ್ಟಿಸಿಕೊಂಡೇ ಒಲೆಯ ಮುಂದೆ ನಿಂತೆ. ಆ ವರ್ಷ ನನ್ನ ಮೂಗು ಸತ್ತುಹೋಗಿತ್ತು. ಅಡಿಗೆಯವಳಿಗೆ ವಾಸನೆಯೇ ಬರುವುದಿಲ್ಲ ಅಂತ ಗೊತ್ತಾದರೆ ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಮಲಗುವ ಕೋಣೆಯೂ ಹೋಗುತ್ತದೆ. ಈ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಆ ಕಥೆಗೆ ಬರುವ ಮೊದಲು ನನ್ನ ಮೂಗು ಎಲ್ಲಿ ತಯಾರಾಯಿತು ಅನ್ನುವುದನ್ನು ಹೇಳಬೇಕು.

ನಾನು ಹೆಬಳೆಯವಳು. ಗಂಡ ತೀರಿಕೊಂಡ ಮೇಲೆ ಭಟ್ಕಳ ಪೇಟೆಯಲ್ಲಿ ನವಾಯತ ಮುಸ್ಲಿಮರ ಒಂದು ಮನೆಗೆ ಈರುಳ್ಳಿ ಹೆಚ್ಚುವ ಕೆಲಸಕ್ಕೆ ಸೇರಿದೆ. ನಗಬೇಡಿ. ಆ ಮನೆಯಲ್ಲಿ ಅದೇ ಒಬ್ಬ ಆಳಿನ ಕೆಲಸ. ಬಿರಿಯಾನಿಯ ದಿನ ಬುಟ್ಟಿಗಟ್ಟಲೆ ಈರುಳ್ಳಿ ಸುಲಿಯಬೇಕು, ಎಳೆ ಎಳೆಯಾಗಿ ಹೆಚ್ಚಬೇಕು, ಅದನ್ನು ಸಣ್ಣ ಉರಿಯಲ್ಲಿ ಕರಗುವ ತನಕ ಬಾಡಿಸಬೇಕು. ಅಲ್ಲಿಯ ಹಿರಿಯಮ್ಮನನ್ನು ಕೇರಿಯವರೆಲ್ಲ ಬೀಬಿ ಅನ್ನುತ್ತಿದ್ದರು. ಸಣ್ಣ ದೇಹ, ದೊಡ್ಡ ಕಣ್ಣು. ಬೈಯುತ್ತಿರಲಿಲ್ಲ, ಅದೇ ನನಗೆ ಹೆದರಿಕೆ. ಎಳೆ ದಪ್ಪಗಾದರೆ ಒಂದು ತುಂಡು ಎತ್ತಿ ನನ್ನ ಅಂಗೈ ಮೇಲಿಟ್ಟು ಹೋಗಿಬಿಡುತ್ತಿದ್ದರು. ಆ ತುಂಡನ್ನು ಹಿಡಿದುಕೊಂಡು ನಾನು ಬೆವರುತ್ತಿದ್ದೆ.

ಸೇರಿದ ಹೊಸತರಲ್ಲಿ ಬುಟ್ಟಿಯಿಂದ ಕೆಂಪಗೆ ಮಿರಿ ಮಿರಿ ಮಿಂಚುವುದನ್ನೇ ಆರಿಸಿ ಇಟ್ಟೆ. ಬೀಬಿ ಅದರಲ್ಲೊಂದನ್ನು ಅಡ್ಡಕ್ಕೆ ಸೀಳಿದರು. ಒಳಗೆ ಕಂದು ಬಣ್ಣಕ್ಕೆ ತಿರುಗಿತ್ತು.

"ಕಣ್ಣಿಗೆ ಕೆಲ್ಸ ಕೊಡಬ್ಯಾಡ. ಕಣ್ಣು ಸುಳ್ಳು ಹೇಳ್ತದೆ. ಮೂಗಿಗೆ ಕೇಳು" ಅಂದರು.

ಅಲ್ಲಿಂದ ಶುರು ನನ್ನ ಪಾಠ. ಈರುಳ್ಳಿಯ ಕುತ್ತಿಗೆಯನ್ನು ಹೆಬ್ಬೆರಳಿಂದ ಒತ್ತಬೇಕು. ಮೆತ್ತಗಿದ್ದರೆ ಒಳಗೆ ಕೊಳೆ ಹಿಡಿದಿದೆ. ಬೇರಿನ ಕಡೆ ಮೂಸಬೇಕು. ಮಣ್ಣಿನ ವಾಸನೆ ಬಂದರೆ ಇಡಬಹುದು, ಹುಳಿ ವಾಸನೆ ಸುಳಿದರೆ ಇವತ್ತೇ ಹೆಚ್ಚಬೇಕು, ನಾತ ಬಂದರೆ ತಿಪ್ಪೆಗೆ. ಮೊಳಕೆ ಕಣ್ಣು ಬಿಟ್ಟದ್ದನ್ನು, ಹೊಟ್ಟೆಯಲ್ಲಿ ಎರಡು ಗಡ್ಡೆ ಹೊತ್ತದ್ದನ್ನು ಇಡುವ ರಾಶಿಗೆ ಸೇರಿಸಬಾರದು. ಒಂದು ಕೆಟ್ಟರೆ ಪಕ್ಕದ್ದಕ್ಕೆ ತಾಗಿಸಿಯೇ ಸಾಯುವ ಜಾತಿ ಇದು. ಬಟಾಟೆಯ ಬುಟ್ಟಿಯ ಹತ್ತಿರವಂತೂ ಇಡಲೇಬಾರದು, ಎರಡೂ ಒಂದನ್ನೊಂದು ಕೆಡಿಸುತ್ತವೆ.

ಬಾಡಿಸುವಾಗ ಬೀಬಿ ನನ್ನನ್ನು ಒಲೆಗೆ ಬೆನ್ನು ಹಾಕಿ ನಿಲ್ಲಿಸುತ್ತಿದ್ದರು. ಹಸಿ ಘಾಟು ಹೋದ ಕೂಡಲೇ ಹೇಳಬೇಕು. ಸಿಹಿ ಪರಿಮಳ ಎದ್ದ ಕೂಡಲೇ ಹೇಳಬೇಕು. ಕೆಂಪಗಾಗುವುದಕ್ಕೆ ಸ್ವಲ್ಪ ಮೊದಲು ಒಂದು ಬೇರೆಯೇ ವಾಸನೆ ಬರುತ್ತದೆ, ಅದು ಬರುವ ಮೊದಲೇ ಇಳಿಸಬೇಕು, ಅವರ ಬಿರಿಯಾನಿಗೆ ಕೆಂಪಗಾದ ಈರುಳ್ಳಿ ಆಗುವುದಿಲ್ಲ. ತಪ್ಪು ಹೇಳಿದರೆ ಏನೂ ಅನ್ನದೆ ಬಾಣಲೆಯನ್ನೇ ಎತ್ತಿ ಬೇರೆ ಮಾಡುತ್ತಿದ್ದರು. ಅಬ್ಬಬ್ಬ, ಆ ಮೌನ! ಬೆನ್ನಿನ ಹಿಂದೆ ಎಣ್ಣೆ ಚುರುಗುಟ್ಟುವುದು ಕೇಳುತ್ತ, ಮೂಗನ್ನು ಅರಳಿಸಿಕೊಂಡು ನಾನು ದೇವರನ್ನೆಲ್ಲ ನೆನೆಯುತ್ತಿದ್ದೆ. ಒಂದು ದಿನ ಸರಿಯಾಗಿ "ಈಗ ಬೀಬಿ" ಅಂದೆ. ಅವರು ಬಾಣಲೆ ಇಳಿಸಿ, "ಹಾಂ, ಈಗ ನೀನು ಅಡಿಗೆಯವಳು" ಅಂದರು. ನನಗೆ ಯಾರಾದರೂ ಕೊಟ್ಟ ಪದವಿ ಅದೊಂದೇ.

ಬೀಬಿ ತೀರಿಕೊಂಡ ಮೇಲೆ ಆ ಮನೆಯವರು ದುಬೈ ಕಡೆ ಹೋದರು. ನಾನು ಹೊನ್ನಾವರದ ಒಂದು ಮನೆಗೆ ಸೇರಿದೆ. ಅಲ್ಲಿಯ ಯಜಮಾನರು ಕಚೇರಿಯಿಂದ ನಿವೃತ್ತರಾದ ರಾಯರು. ಊಟದಲ್ಲಿ ಕಲ್ಲು ಸಿಕ್ಕಿದರೆ ಅದನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟು, ನನ್ನನ್ನು ಕರೆದು, "ಇದಕ್ಕೆ ಎಂತ ಹೆಸರು?" ಅಂತ ಕೇಳುವ ಜನ.

ನಮ್ಮ ಕಡೆ ಬೇಸಿಗೆಯಲ್ಲಿ ಕುಮಟೆಯ ಸಿಹಿ ಈರುಳ್ಳಿ ಬರುತ್ತದಲ್ಲ, ಅದನ್ನು ಎಲೆ ಸಮೇತ ಜಡೆಯ ಹಾಗೆ ಹೆಣೆದು ಮಾರುತ್ತಾರೆ. ಆ ಜಡೆಗಳನ್ನು ಒಲೆಯ ಮೇಲಿನ ಗಳಕ್ಕೆ ತೂಗು ಹಾಕಿದರೆ ಮಳೆಗಾಲ ದಾಟುತ್ತದೆ. ಎಲ್ಲ ಮನೆಯಲ್ಲೂ ಹಾಗೇ ಮಾಡುವುದು, ಯಾಕೆ ಅಂತ ಯಾರೂ ಕೇಳಿದ್ದಿಲ್ಲ. ರಾಯರ ಮನೆಗೆ ಗ್ಯಾಸ್ ಬಂತು. ಕಟ್ಟಿಗೆ ಒಲೆ ಕಿತ್ತು ಕಟ್ಟೆ ಕಟ್ಟಿಸಿದರು. ನಾನು ಜಡೆಗಳನ್ನು ಅದೇ ಗಳಕ್ಕೆ, ಅದೇ ಜಾಗದಲ್ಲಿ ತೂಗಿದೆ. ಒಲೆಯ ಮೇಲೆ ಅಂದರೆ ಒಲೆಯ ಮೇಲೆ, ಅದರಲ್ಲಿ ಯೋಚಿಸುವುದು ಏನಿದೆ?

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಡಿಗೆಮನೆಗೆ ಕಾಲಿಟ್ಟೆ. ಹುಳಿ ವಾಸನೆ, ತೀರಾ ತೆಳ್ಳಗೆ. ತಲೆ ಎತ್ತಿದರೆ ಜಡೆಗಳು ಚೆಂದಕ್ಕೇ ಇವೆ. ಏಣಿ ಹತ್ತಿ ಒಂದನ್ನು ಒತ್ತಿದೆ, ಬೆರಳು ಸೀದಾ ಒಳಗೆ ಹೋಯಿತು. ಆಗ ಬುದ್ಧಿ ಬಂತು: ಇಷ್ಟು ವರ್ಷ ಈರುಳ್ಳಿಯನ್ನು ಕಾದದ್ದು ಒಲೆ ಅಲ್ಲ, ಹೊಗೆ. ಗ್ಯಾಸಿನಲ್ಲಿ ಹೊಗೆ ಎಲ್ಲಿಂದ ಬರಬೇಕು? ಬರುವುದು ಬರೀ ಅನ್ನದ ಹಬೆ, ಸಾರಿನ ಹಬೆ. ನಾನು ವರ್ಷದ ಈರುಳ್ಳಿಯನ್ನು ಹಬೆಯಲ್ಲಿ ಬೇಯಿಸಿಟ್ಟಿದ್ದೆ. ರಾಯರು ಏಳುವ ಮೊದಲೇ ಎಲ್ಲ ಇಳಿಸಿ, ಒಳ್ಳೆಯದನ್ನು ಮೂಸಿ ಮೂಸಿ ಬೇರೆ ಮಾಡಿ, ಗಾಳಿಯಾಡುವ ಪಡಸಾಲೆಯ ತೊಲೆಗೆ ಕಟ್ಟಿದೆ. ಅರ್ಧದಷ್ಟು ಉಳಿಯಿತು. ಕೇರಿಯಲ್ಲಿ ಗ್ಯಾಸ್ ಹಾಕಿಸಿದ ಮನೆಗಳಲ್ಲೆಲ್ಲ ಆ ವರ್ಷ ಇದೇ ಗತಿಯಾಯಿತಂತೆ. ಅವರಿಗೆ ಗೊತ್ತಾದದ್ದು ನೆಲಕ್ಕೆ ಕಂದು ನೀರು ತೊಟ್ಟಿಕ್ಕಿದ ಮೇಲೆ. ನನಗೆ ಮೊದಲೇ ಹೇಳಿದ್ದು ಬೀಬಿ ತಯಾರು ಮಾಡಿದ ಮೂಗು.

ಮೂರನೆಯದು ಕುಮಟೆಯ ಸರೋಜಮ್ಮನ ಮನೆ. ಅಲ್ಲೇ ನನ್ನ ಹೆಚ್ಚಿನ ಆಯುಷ್ಯ ಕಳೆದದ್ದು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಸರೋಜಮ್ಮನಿಗೂ ನನಗೂ ಹೆಚ್ಚುಕಡಿಮೆ ಒಂದೇ ಪ್ರಾಯ. ಅಡಿಗೆಯ ವಿಷಯದಲ್ಲಿ ಅವರು ಬೀಬಿಯನ್ನೂ ಮೀರಿಸಿದವರು, ಮೌನ ಒಂದು ಬಿಟ್ಟು. ಹೆದ್ದಾರಿಯ ಬದಿಯಲ್ಲಿ ಈರುಳ್ಳಿ ಜಡೆ ತೂಗು ಹಾಕಿಕೊಂಡು ಕೂತವರ ಹತ್ತಿರ ನಾವಿಬ್ಬರೂ ಪ್ರತಿ ಬೇಸಿಗೆ ಹೋಗುತ್ತಿದ್ದೆವು. ಅವರು ಒಂದು ಜಡೆ ಮೂಸುವುದು, ನಾನು ಒಂದು ಮೂಸುವುದು. "ಇದು ಬೇಡವೇ, ಕಟಾವು ಆದಮೇಲೆ ಸರೀ ಒಣಗ್ಸಲಿಲ್ಲ" ಅಂತ ಅವರು ಜೋರಾಗಿ ಹೇಳುವುದು, ಮಾರುವವಳು "ಅಮ್ಮಾ, ನಿಮ್ಮ ಮೂಗಿಗೆ ದೊಡ್ಡ ನಮಸ್ಕಾರ" ಅಂತ ಕೈಮುಗಿಯುವುದು. ಮನೆಯಲ್ಲಿ ಮಗ ಅಂಗಡಿಗೆ, ಸೊಸೆ ಶ್ವೇತಾ ಬ್ಯಾಂಕಿಗೆ. ಅಡಿಗೆಮನೆ ಮಾತ್ರ ನಮ್ಮಿಬ್ಬರ ಕೈಯಲ್ಲಿ. ನನಗೆ ಹಿತ್ತಿಲ ಕಡೆ ಒಂದು ಕೋಣೆ ಕೊಟ್ಟಿದ್ದರು. ಹೆಬಳೆಯಲ್ಲಿ ತಮ್ಮನ ಮನೆ ಇದೆ ಹೌದು, ಆದರೆ ಅಲ್ಲಿ ನಾದಿನಿಯ ಮುಖ ನೋಡಿಕೊಂಡು ಗಂಜಿ ಕುಡಿಯಬೇಕು. ಬೇಡವೇ ಬೇಡ.

ಕೊರೊನಾ ಬಂತಲ್ಲ, ನನಗೂ ಸರೋಜಮ್ಮನಿಗೂ ಒಟ್ಟಿಗೇ ಜ್ವರ. ಇಬ್ಬರನ್ನೂ ಹಿಂದಿನ ಕೋಣೆಯಲ್ಲಿ ಹಾಕಿದರು. ಹೇಗೋ ಬದುಕಿಕೊಂಡೆವು. ಏಳುವ ಹಾಗಾದ ಮೇಲೆ ಅಡಿಗೆಮನೆಗೆ ಹೋಗಿ ಒಂದು ಈರುಳ್ಳಿ ಹೆಚ್ಚಿದೆ. ಕಣ್ಣಲ್ಲಿ ದಳದಳ ನೀರು ಬಂತು. ಮೂಗಿಗೆ ಏನೂ ಇಲ್ಲ. ಮೂಗಿನ ಹೊಳ್ಳೆಗೆ ಒತ್ತಿ ಹಿಡಿದೆ. ಕಲ್ಲು ಮೂಸಿದ ಹಾಗೆ! ಇನ್ನೊಂದು ಹೆಚ್ಚಿದೆ, ಬೆಳ್ಳುಳ್ಳಿ ಜಜ್ಜಿದೆ, ಇಂಗಿನ ಡಬ್ಬಿ ತೆಗೆದೆ. ಏನೂ ಇಲ್ಲ. ಕಣ್ಣೀರು ಈರುಳ್ಳಿಯದೋ ನನ್ನದೋ ಗೊತ್ತಾಗದೆ ಅಲ್ಲೇ ಕೂತೆ.

ಡಾಕ್ಟರು, "ಬರ್ತದೆ, ಸ್ವಲ್ಪ ದಿನ ಹೋಗಲಿ" ಅಂದರು. ಬರಲಿಲ್ಲ. ಶ್ವೇತಾ ಕೇಳಿದಳು: "ನಾಗವೇಣಕ್ಕ, ವಾಸ್ನೆ ಬಂತಾ?" ಅದಕ್ಕೆ ಸ್ವಲ್ಪ ಮೊದಲು ಅವಳು ಫೋನಿನಲ್ಲಿ ಯಾರಿಗೋ, ಈಗೆಲ್ಲ ಶುಂಠಿ ಬೆಳ್ಳುಳ್ಳಿ ಪೇಸ್ಟೂ ಪ್ಯಾಕೆಟಿನಲ್ಲೇ ಸಿಗುತ್ತದೆ, ಅಡಿಗೆಗೆ ಜನ ಬೇಕಂತಲೇ ಇಲ್ಲ ಅನ್ನುವುದನ್ನು ಕೇಳಿಸಿಕೊಂಡಿದ್ದೆ. ನನ್ನ ಬಾಯಿ ತಾನಾಗಿಯೇ "ಬಂತು ಶ್ವೇತಮ್ಮ, ಮೊದಲಿನ ಹಾಗೇ ಬಂತು" ಅಂದಿತು.

ಅಲ್ಲಿಂದ ನನ್ನ ವನವಾಸ. ಹಾಲು ಹುಳಿಯಾಯಿತೋ ಗೊತ್ತಿಲ್ಲ, ತೊಗರಿಬೇಳೆ ತಳ ಹಿಡಿಯಿತೋ ಗೊತ್ತಿಲ್ಲ. ಕಿವಿಯಿಂದ ಅಡಿಗೆ ಮಾಡಲು ಕಲಿತೆ. ಈರುಳ್ಳಿ ಎಣ್ಣೆಗೆ ಬಿದ್ದಾಗ ದೊಡ್ಡ ಸದ್ದು, ನೀರು ಹೋದ ಹಾಗೆ ಸಣ್ಣ ಸದ್ದು, ಸೀಯುವ ಮೊದಲು ಚಟಚಟ. ಕಣ್ಣು ಕೀಲಿಸಿ ನೋಡುತ್ತಿದ್ದೆ, ಬೀಬಿ ಬೇಡ ಅಂದದ್ದನ್ನೇ ಮಾಡುತ್ತಿದ್ದೆ. ಕೊನೆಗೆ ಒಂದು ಉಪಾಯ ಹೂಡಿದೆ. ಬಾಣಲೆಯನ್ನು ಸರೋಜಮ್ಮನ ಮುಂದೆ ಹಿಡಿದು, "ಅಮ್ಮಾ, ಹಸಿ ವಾಸ್ನೆ ಹೋಯ್ತಾ ನೋಡಿ" ಅನ್ನುವುದು. ಅವರು ಬಗ್ಗಿ, ಕಣ್ಣು ಮುಚ್ಚಿ, ಉಸಿರು ಎಳೆದು, "ಆತು, ಇಳಿಸು" ಅನ್ನುತ್ತಿದ್ದರು. ಯಾವತ್ತು ಹಿಡಿದರೂ "ಆತು, ಇಳಿಸು." ಮೊದಲೆಲ್ಲ ನೂರೆಂಟು ಕೊಕ್ಕೆ ತೆಗೆಯುತ್ತಿದ್ದವರು ಜ್ವರದ ನಂತರ ಮೆತ್ತಗಾಗಿದ್ದಾರೆ, ಪಾಪ, ಅಂದುಕೊಂಡೆ. ದೇವರು ನನಗೆ ಅವರ ಮೂಗನ್ನು ಕೊಟ್ಟಿದ್ದಾನೆ ಅಂತ ಸಮಾಧಾನ ಮಾಡಿಕೊಂಡೆ.

ಬೇಸಿಗೆಯಲ್ಲಿ ಈರುಳ್ಳಿ ಜಡೆ ತರಲು ಹೋದಾಗ ನನಗೆ ಜ್ವರ ಬಂದ ಹಾಗಾಯಿತು. ಸರೋಜಮ್ಮ ಮೂಸಿದ್ದಕ್ಕೆಲ್ಲ ತಲೆಯಾಡಿಸಿದೆ. ಅವರೂ ಆ ದಿನ ಜಗಳ ಮಾಡಲಿಲ್ಲ, ಬೇಗ ಬೇಗ ಆರಿಸಿ, "ನಡಿ, ಬಿಸಿಲು" ಅಂದುಬಿಟ್ಟರು. ಅಡಿಗೆಮನೆಯ ಕಿಟಕಿಯ ಹತ್ತಿರ, ಗಾಳಿ ಬರುವಲ್ಲಿ ತೂಗಿದೆವು. ಮಳೆ ಶುರುವಾದ ಮೇಲೆ ಕಿಟಕಿ ಮುಚ್ಚಬೇಕಾಯಿತು. ದಿನಾ ಬೆಳಿಗ್ಗೆ ಒಂದೊಂದನ್ನೂ ಒತ್ತಿ ನೋಡುತ್ತಿದ್ದೆ. ಹೊರಗಿನವು ಗಟ್ಟಿಯಾಗಿದ್ದವು. ಆದರೆ ಜಡೆಯ ನಡುವೆ ಹೆಣೆದುಕೊಂಡು ಕೂತದ್ದಕ್ಕೆ ಬೆರಳು ತಲುಪುವುದಿಲ್ಲ. ಅದಕ್ಕೆ ಮೂಗೇ ಬೇಕು. ಸರೋಜಮ್ಮ ದಿನಾ ಅದರ ಕೆಳಗೇ ಓಡಾಡುತ್ತಾರೆ, ಕೆಟ್ಟಿದ್ದರೆ ಹೇಳುತ್ತಿದ್ದರು ಅಂತ ಧೈರ್ಯ ತಂದುಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಸರೋಜಮ್ಮನ ಮಗ ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಮಧ್ಯಾಹ್ನ ಊಟಕ್ಕೆ ಬರುವುದನ್ನು ನಿಲ್ಲಿಸಿದರು.

ಒಂದು ದಿನ ಹನ್ನೆರಡರ ಹೊತ್ತು. ಮಳೆ ಅಂದರೆ ಮಳೆ, ಹಿತ್ತಿಲ ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಒಲೆಯ ಮೇಲೆ ಈರುಳ್ಳಿ ಸಣ್ಣ ಉರಿಯಲ್ಲಿ ಬಾಡುತ್ತಿತ್ತು. ಸರೋಜಮ್ಮ ಒಲೆಕಟ್ಟೆಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಶ್ವೇತಾಳ ಕೂಸು ಪಕ್ಕದ ಕೋಣೆಯ ತೊಟ್ಟಿಲಲ್ಲಿ. ನಾನು ಸಿಪ್ಪೆ ಚೆಲ್ಲಲು ಹಿತ್ತಿಲ ಬಾಗಿಲು ತೆಗೆದಾಗ ಗಾಳಿ ಒಂದು ಸಲ ಭರ್ರನೆ ಒಳನುಗ್ಗಿತು. ಬಾಗಿಲು ಎಳೆದುಕೊಂಡೆ. ಅಷ್ಟರಲ್ಲಿ ಕೂಸು ಕುಂಯ್‌ಗುಟ್ಟಿತು, ಹೋಗಿ ತೂಗಿದೆ. ಮಲಗುವ ತನಕ ತೂಗಿ ವಾಪಸು ಬಂದೆ.

ಬಾಣಲೆಯ ಸದ್ದಿಲ್ಲ. ಬಗ್ಗಿ ನೋಡಿದರೆ ಉರಿ ಇಲ್ಲ.

"ಅಮ್ಮಾ, ಒಲೆ ಆರಿಸಿದ್ರಾ?"

"ನಾನೆಲ್ಲಿ ಆರಿಸ್ದೆ? ನೀನೇ ಆರಿಸಿ ಹೋಗಿರ್ಬೇಕು. ಹಚ್ಚು ಹಚ್ಚು, ತಣ್ಣಗಾಗ್ತದೆ."

ಲೈಟರ್ ಎತ್ತಿಕೊಂಡೆ. ಬರ್ನರಿನ ಹತ್ತಿರ ಒಯ್ದೆ.

ಹಿತ್ತಿಲ ಬಾಗಿಲು ಧಡಾರನೆ ತೆರೆದುಕೊಂಡಿತು. ಅಘನಾಶಿನಿಯ ಗಣಪಿ, ಬೇಸಿಗೆಯಲ್ಲಿ ಹೊಳೆಯ ಬಳಚು ಚಿಪ್ಪು, ಮಳೆಗಾಲದಲ್ಲಿ ಒಣಮೀನು ತರುವವಳು. ಆ ಮನೆಯಲ್ಲಿ ಅವಳು ಹಿತ್ತಿಲ ಮೆಟ್ಟಿಲು ದಾಟಿ ಬಂದದ್ದೇ ಇಲ್ಲ. ಅವತ್ತು ಬುಟ್ಟಿಯನ್ನು ಮಳೆಯಲ್ಲೇ ಎಸೆದು ಒಳಗೆ ಹಾರಿ ನನ್ನ ಮಣಿಕಟ್ಟು ಹಿಡಿದಳು.

"ಏ ನಾಗವೇಣಿ! ಎಂತ ಮಾಡ್ತೆ? ಸುಟ್ಟು ಹೋತ್ಯಲ್ಲೇ! ಬಾಗ್ಲ ಸಂದಿಂದ್ಲೇ ಗ್ಯಾಸು ಬಗ್ಗನೆ ಬತ್ತೀದು!"

ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಗುಂಡಿ ತಿರುಗಿಸಿ ಬಂದ್ ಮಾಡಿದಳು, ಸಿಲಿಂಡರಿನದ್ದೂ ಮಾಡಿದಳು, ಕಿಟಕಿಗಳನ್ನೆಲ್ಲ ದೂಡಿ ತೆಗೆದಳು. ಮಳೆ ಒಳಗೆ ಎರಚಿತು. ನಾನು ಅಲ್ಲೇ ನೆಲಕ್ಕೆ ಕೂತೆ. ತೊಟ್ಟಿಲು ಕಣ್ಣ ಮುಂದೆ ಬಂತು. ಲೈಟರ್ ಒಂದು ಸಲ ಚಟ್ ಅಂದಿದ್ದರೆ?

ಸ್ವಲ್ಪ ಹೊತ್ತಾದ ಮೇಲೆ ನನಗೆ ಇನ್ನೊಂದು ಹೊಳೆಯಿತು. ತಲೆ ಎತ್ತಿ ಸರೋಜಮ್ಮನನ್ನು ನೋಡಿದೆ. ಅವರು ಅದೇ ಸ್ಟೂಲಿನ ಮೇಲೆ, ಒಲೆಯಿಂದ ಒಂದು ಮೊಳ ದೂರದಲ್ಲಿ, ಬೆಳ್ಳುಳ್ಳಿ ಎಸಳು ಹಿಡಿದುಕೊಂಡು ಕೂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮಾ, ನೀವು ಇಲ್ಲೇ ಇದ್ರಲ್ಲ..."

ಅವರು ಎಸಳನ್ನು ಕೆಳಗಿಟ್ಟರು. "ನಂಗೂ ಬರೂದಿಲ್ವೇ ನಾಗವೇಣಿ. ಆ ಜ್ವರದಿಂದ ಇತ್ಲಾಗೆ ಒಂದು ವಾಸ್ನೆಯೂ ಇಲ್ಲ. ನಿಂಗೆ ಬರ್ತದಲ್ಲ ಅಂತ ಧೈರ್ಯ ಮಾಡ್ಕೊಂಡಿದ್ದೆ."

"ನಾನು ಬಾಣಲೆ ಹಿಡಿದಾಗೆಲ್ಲ ಆತು ಆತು ಅಂದ್ರಲ್ಲ!"

"ಮತ್ತೆಂತ ಹೇಳೂದು? ಈ ಮನೇಲಿ ನನ್ನ ಮಾತು ನಡೆಯೂದು ಈ ನಾಲ್ಕು ಗೋಡೆ ಒಳಗೆ ಮಾತ್ರ. ಅದೂ ಹೋದ್ರೆ ಮೂಲೇಲಿ ಕೂತ್ಕೊಳ್ಳೂದೇ."

ಇಬ್ಬರು ಮುದುಕಿಯರು, ಒಬ್ಬರ ಮೂಗನ್ನು ಒಬ್ಬರು ನಂಬಿಕೊಂಡು, ಎಳೆಕೂಸು ಇರುವ ಮನೆಯಲ್ಲಿ ವರ್ಷವಿಡೀ ಬೆಂಕಿ ಹಚ್ಚುತ್ತ ಕೂತಿದ್ದೆವು. ನನಗೆ ಆಗ ಹುಟ್ಟಿದ ಹೆದರಿಕೆಯ ಮುಂದೆ ಕೋಣೆ ಹೋಗುವ ಹೆದರಿಕೆ ಏನೂ ಅಲ್ಲ ಅನ್ನಿಸಿತು.

"ಶ್ವೇತಾಗೆ ಹೇಳ್ಬೇಡ. ನನ್ನದಂತೂ ಹೇಳ್ಲೇಬೇಡ, ಕೈಮುಗಿತೆ" ಅಂದರು ಸರೋಜಮ್ಮ. ಗಣಪಿ ಒದ್ದೆ ಸೆರಗು ಹಿಂಡುತ್ತ ಮೆಟ್ಟಿಲ ಮೇಲೆ ಹೋಗಿ ಕೂತಳು.

ಅಷ್ಟರಲ್ಲೇ ಕೂಸಿಗೆ ಹಾಲೂಡಿಸಲು ಶ್ವೇತಾ ಬ್ಯಾಂಕಿನಿಂದ ಬಂದಳು. ಹೊಸ್ತಿಲಲ್ಲೇ ಮೂಗು ಸುಕ್ಕಿಸಿ, "ಎಂತದು, ಗ್ಯಾಸ್ ವಾಸ್ನೆ?" ಅಂದಳು. ನಾನು ಹೇಳಿಬಿಟ್ಟೆ. ಗಾಳಿಗೆ ಉರಿ ಆರಿ ಗ್ಯಾಸು ಹಾಗೇ ಬರುತ್ತಿದ್ದದ್ದು, ಲೈಟರ್ ಎತ್ತಿದ್ದು, ಗಣಪಿ ಹಿಡಿದದ್ದು, ನನಗೆ ಜ್ವರದಿಂದ ಈಚೆಗೆ ವಾಸನೆಯೇ ಇಲ್ಲದ್ದು. ಅವಳು ಪೂರ್ತಿ ಕೇಳಲೂ ಇಲ್ಲ, ಓಡಿ ಹೋಗಿ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ಬಂದಳು. ನಿದ್ದೆಗೆಟ್ಟ ಕೂಸು ಕಿರುಚಿತು.

"ಅತ್ತೆ ಎಲ್ಲಿದ್ರು ಆಗ?"

"ಅಮ್ಮ ಸ್ನಾನಕ್ಕೆ..." ಅಂತ ನಾನು ಶುರುಮಾಡಿದೆ.

"ಸುಳ್ಳು ಹೇಳ್ಬೇಡ ನಾಗವೇಣಿ" ಅಂದರು ಸರೋಜಮ್ಮ. ನನಗೆ ಅವರ ದನಿಯೇ ಗುರುತು ಸಿಗಲಿಲ್ಲ. "ನಾ ಅಲ್ಲೇ ಇದ್ದೆ. ಹಚ್ಚು ಅಂದವಳೂ ನಾನೇ. ನಂಗೂ ವಾಸ್ನೆ ಇಲ್ಲ ಶ್ವೇತಾ."

ಶ್ವೇತಾ ಗೋಡೆಗೆ ಒರಗಿ ನೆಲದ ಮೇಲೇ ಕೂತಳು. ಬೈಯುತ್ತಾಳೆ ಅಂತ ನಾವಿಬ್ಬರೂ ತಲೆ ತಗ್ಗಿಸಿದೆವು. ಅವಳು ಕಿಟಕಿಯ ಹತ್ತಿರದ ಜಡೆಗಳನ್ನು ನೋಡುತ್ತಿದ್ದಳು.

"ಹಂಗಾದ್ರೆ ಆ ಈರುಳ್ಳಿ ಕೊಳ್ತದ್ದೂ ನಿಮ್ಗೆ ಗೊತ್ತಿಲ್ವಾ? ಮಳೆ ಬಿದ್ದಾಗಿಂದ ನಾರ್ತಾ ಉಂಟು ಅತ್ತೆ. ಸಾರಲ್ಲೂ ಒಂದೊಂದ್ ದಿನ ಬರ್ತದೆ. ಇವ್ರು ಅದಕ್ಕೇ ಹೋಟ್ಲಲ್ಲಿ ಊಟ ಮಾಡೂದು."

"ನೀ ಯಾಕೆ ಹೇಳ್ಲಿಲ್ಲ ಮಗಾ?"

"ನಿಮ್ ಅಡಿಗೆಮನೆ ಅಲ್ವಾ ಅದು? ಹೇಳೂಕೆ ಹೆದ್ರಿಕೆ ಆತು."

ಮೆಟ್ಟಿಲ ಮೇಲಿಂದ ಗಣಪಿ, "ನಂಗೂ ಬತ್ತಿತ್ತು. ದೊಡ್ಡ ಮನೆಯವ್ರಿಗೆ ನಾ ಹೇಂಗೆ ಹೇಳೂದು ಅಂತ ಸುಮ್ನಾದೆ" ಅಂದಳು.

ಆ ಮನೆಯಲ್ಲಿ ಮೂಗಿದ್ದವರೆಲ್ಲ ಮೂಗಿಲ್ಲದವರಿಗೆ ಹೆದರಿ ಕೂತಿದ್ದರು, ನಾವು ಅವರಿಗೆ ಹೆದರಿ ಕೂತಿದ್ದೆವು. ಸರೋಜಮ್ಮ ಎದ್ದು ಹೋಗಿ ಗಣಪಿಯ ಕೈ ಹಿಡಿದು, "ಒಳಗೆ ಬಾ. ಯಾವ್ದು ಒಳ್ಳೇದು, ಯಾವ್ದು ಹಾಳು, ನೀನೇ ನೋಡಿ ಹೇಳು" ಅಂದರು. ಗಣಪಿ ಕಾಲು ತೊಳೆದುಕೊಂಡು ಬಂದು ಜಡೆ ಬಿಚ್ಚಿ, ಒಂದೊಂದನ್ನೇ ಮೂಗಿಗೆ ಹಿಡಿದು ಎರಡು ರಾಶಿ ಮಾಡತೊಡಗಿದಳು. ಹಾಳಿನ ರಾಶಿಯೇ ದೊಡ್ಡದಾಯಿತು.

ನಾನೂ ಸಹಾಯಕ್ಕೆ ಅಂತ ಕೈ ಮುಂದೆ ಮಾಡಿದೆ. ಕೈ ಬಿಚ್ಚಲಿಲ್ಲ. ನೋಡಿದರೆ ಲೈಟರ್ ಇನ್ನೂ ನನ್ನ ಮುಷ್ಟಿಯಲ್ಲೇ ಇದೆ, ಬೆರಳು ಬೆಳ್ಳಗಾಗಿ ಸೆಟೆದುಕೊಂಡಿವೆ. ಬಿಡಿಸಲು ನೋಡಿದೆ, ಆಗಲಿಲ್ಲ. ನನಗೆ ಅಳು ಬಂತು. ಶ್ವೇತಾ ಕೂಸನ್ನು ಅತ್ತೆಯ ತೊಡೆಗೆ ಕೊಟ್ಟು ನನ್ನ ಎದುರಿಗೆ ಕುಳಿತುಕೊಂಡಳು. ಕಿರುಬೆರಳಿನಿಂದ ಹಿಡಿದು ಒಂದೊಂದೇ ಬೆರಳು ಬಿಡಿಸಿದಳು.

"ಕೋಣೆ ನಿಮ್ದೇ ನಾಗವೇಣಕ್ಕ, ಹೆದರ್ಬೇಡಿ" ಅಂದಳು. "ಒಲೆ ಮಾತ್ರ ಇನ್ನು ಕೇಳ್ಬೇಡಿ."

ಕೊನೆಯ ಬೆರಳು ಬಿಟ್ಟಿತು. ಲೈಟರ್ ಅವಳ ಕೈಗೆ ಹೋಯಿತು. ನಾನು ನಿವೃತ್ತಳಾದದ್ದು ಹಾಗೆ.